ಎಣ್ಣೆಬಾಯಿಗೆ ಹಚ್ಚಿದ ಕುಂಕುಮ

ಉಣ್ಣುವ ಅನ್ನವನ್ನೂ ಆಡುವ ನುಡಿಯನ್ನೂ ಕರುಣಿಸಿದ ಶಿವನಿಗೆ ಶರಣು. ಎರೆಮಣ್ಣಿನ ತಾಯಿಗೆ ಶರಣು. ನನ್ನನ್ನು ಸಾಕಿ, ಓದಿಸಿ, ನೆಟ್ಟಗೆ ನಿಲ್ಲುವುದನ್ನು ಕಲಿಸಿದ ಸೋದರತ್ತೆಗೆ ಶರಣು. ಈ ಋಣವನ್ನು ಮೊದಲು ನೆನೆದು, ಆಮೇಲೆ ಕೋಪದ ಮಾತಿಗೆ ಬರುತ್ತೇನೆ.

ಈ ಸಲದ ಖಂಡೇಪೂಜೆಗೆ ಶಲವಡಿಗೆ ಹೋಗಿದ್ದೆ. ಪೂಜೆಗೆಂದು ಅತ್ತೆಯ ಹಳೆಯ ಟ್ರ್ಯಾಕ್ಟರನ್ನು ತೊಳೆಯುವಾಗ ಯಾರೋ ಹಿಂಬದಿಯ ಪೈಪು ಕಳಚಿದರು. ನೆಲಕ್ಕೆ ಚೆಲ್ಲಿದ ಹೈಡ್ರಾಲಿಕ್ ಎಣ್ಣೆಯ ವಾಸನೆ ಮೂಗಿಗೆ ಬಡಿಯಿತು… ಅದರ ಹಿಂದೆಯೇ ಒಂದು ಬಿಳಿಯ ಬಟ್ಟೆ ಕಣ್ಣ ಮುಂದೆ ಬಂದು ನಿಂತಿತು.

ಎಪ್ಪತ್ತರ ದಶಕದ ಮಾತು. ಅತ್ತೆ ವಿಧವೆ, ಮಕ್ಕಳಿರಲಿಲ್ಲ. ಗಂಡನ ಪಾಲಿನ ಹೊಲವನ್ನು ಆಕೆ ತಾನೇ ನಿಂತು ಮಾಡಿಸುತ್ತಿದ್ದಳು. ಊರ ಶಾಲೆಯಲ್ಲಿ ಮಾಸ್ತರನಾಗಿದ್ದ ನಾನು ಅವಳ ಮನೆಯಲ್ಲೇ ಇದ್ದೆ. ಟ್ರ್ಯಾಕ್ಟರ್ ಹೊಡೆಯುವುದೂ ನನ್ನ ಪಾಲಿಗೆ ಬಂದಿತ್ತು. ಅವಳ ಮೈದುನನಿಗೆ ಆ ಹೊಲದ ಮೇಲೆ ಕಣ್ಣು. ಆತ ಜಗಳಕ್ಕೆ ಬರುತ್ತಿರಲಿಲ್ಲ. ಅವಳ ಟ್ರೇಲರ್ ಗಾಡಿಯ ಮಾಲು ಇಳಿಸಲು ಯಾರೂ ಹೋಗಕೂಡದೆಂದು ಆಳುಗಳಿಗೆ ಹೇಳಿಟ್ಟಿದ್ದ, ಅಷ್ಟೆ. ಬೆಳೆದದ್ದು ಗಾಡಿಯಲ್ಲೇ ಕೊಳೆತರೆ ಹೆಂಗಸು ತಾನಾಗಿ ಸೋಲುತ್ತಾಳೆ ಎಂಬ ಲೆಕ್ಕಾಚಾರ.

ಗಾಡಿ ತಾನೇ ಎದ್ದು ಸುರಿದರೆ ಆಳಿನ ಹಂಗೇಕೆ ಎಂದಳು ಅತ್ತೆ. ಆದರೆ ಆ ಹಳೆಯ ಟ್ರ್ಯಾಕ್ಟರಿಗೆ ಎಣ್ಣೆಯ ಒತ್ತಡವನ್ನು ಹೊರಗೆ ಕೊಡುವ ಬಾಯಿ ಇದ್ದದ್ದು ಒಂದೇ. ಬದು ಹಾಕುವ ಹಲಗೆಗೆ ಅದು ಮೀಸಲು. ಅಣ್ಣಿಗೇರಿಯ ಟ್ರ್ಯಾಕ್ಟರ್ ರಿಪೇರಿ ಮಿಸ್ತ್ರಿಯಿಂದ ಆಕೆ ಇನ್ನೆರಡು ಬಾಯಿ ಕೂಡಿಸಿದಳು: ಒಂದು ಟ್ರೇಲರಿಗೆ, ಮತ್ತೊಂದು ಮುಂದೆಂದೋ ಕೊಳ್ಳಬೇಕೆಂದಿದ್ದ ನೇಗಿಲಿಗೆ.

“ಅಕ್ಕಾರ, ಕೆಲಸ ಇಲ್ಲದಾಗ ಮುಚ್ಚಳ ತಗೀಬ್ಯಾಡ್ರಿ,” ಎಂದಿದ್ದ ಮಿಸ್ತ್ರಿ. “ಒಂದ ಕಾಳ ಒಳಗ ಹೋದ್ರೂ ಗಂಟಲಾಗ ಮುಳ್ಳ ಸಿಕ್ಕಂಗ.”

ಟ್ರ್ಯಾಕ್ಟರ್ ಊರಿಗೆ ಮರಳಿದ ಕೂಡಲೇ ಮೈದುನ ನಗಾಡಿದ. “ವೈನಿ, ಇದ್ದ ಒಂದ ಬಾಯಿ ಸಂಭಾಳಸೂದ ಕಷ್ಟ. ಮತ್ತೆರಡು ಯಾಕ್ರಿ?”

“ನಿನ್ನ ಆಳಿನ ಬಾಯಿಗಿಂತ ಇವು ಚಲೋ ಅದಾವಪಾ,” ಎಂದಳು ಅತ್ತೆ. “ಚಹಾ ಕೇಳಂಗಿಲ್ಲ, ಚಾಡಿನೂ ಹೇಳಂಗಿಲ್ಲ.”

ಮಹಾನವಮಿ ಬಂತು. ಕಬ್ಬಿಣದ ಸಾಮಾನಿಗೆಲ್ಲ ಅಂದು ಖಂಡೇಪೂಜೆ. ವಿಧವೆ ಪೂಜೆ ಮಾಡಬಾರದೆಂದು ಮೈದುನನೂ ಅವನ ಮನೆಯವರೂ ತಾವೇ ಅತ್ತೆಯ ಅಂಗಳಕ್ಕೆ ಬಂದರು. ಹೊಸದಾಗಿ ಬಂದದ್ದಕ್ಕೆ ಮೊದಲ ಪೂಜೆಯೆಂದು ಎರಡೂ ಬಾಯಿಗಳ ಮುಚ್ಚಳ ಕಿತ್ತು, ಒಳಗೆ ಬೆರಳು ತೂರಿಸಿ ಕುಂಕುಮ ಮೆತ್ತಿದರು, ಮೇಲೆ ಅಕ್ಷತೆ.

“ಮುಚ್ಚಳ ತಗೀಬ್ಯಾಡ್ರಿ, ಒಳಗ ಹೋಗ್ತದ!” ಹೊಸ್ತಿಲಲ್ಲಿ ನಿಂತು ಕೂಗಿದಳು ಅತ್ತೆ.

“ವೈನಿ, ಪೂಜಿ ಹೊತ್ತಿನಾಗ ನಿಮ್ಮ ನೆರಳ ಬೀಳಬಾರದು. ಒಳಗ ನಡೀರಿ,” ಎಂದ ಮೈದುನ.

“ಯಾವ ಶಾಸ್ತ್ರದಾಗ ಬರದದ, ತೋರಸ್ರಿ,” ಎಂದೆ ನಾನು.

“ಮಾಸ್ತರ, ಅದನ್ನ ಸಾಲ್ಯಾಗ ಹೇಳ್ರಿ,” ಎಂದ ಆತ. ಎಲ್ಲರೂ ನಕ್ಕರು.

ಹಣೆಯ ತುಂಬ ವಿಭೂತಿ, ನಾಲಗೆಯ ತುಂಬ ಶರಣರ ಹೆಸರು, ಎದೆಯಲ್ಲಿ ಮಾತ್ರ ಮೈಲಿಗೆಯ ಲೆಕ್ಕ! ಜೀವಮಾನವಿಡೀ ಓದಿದ್ದೇನೆ, ಹೆಣ್ಣಿನ ನೆರಳಿಗೆ ಶಿವ ಅಂಜಿದ್ದನ್ನು ನಾನೆಲ್ಲೂ ಕಾಣಲಿಲ್ಲ. ಅವರು ಹೋದ ಮೇಲೆ ಹೊರಗಿನದನ್ನು ಒರೆಸಿದೆವು. ಒಳಗೆ ಹೊಕ್ಕದ್ದು ಕಾಣಲಿಲ್ಲ.

ಉಳ್ಳಾಗಡ್ಡಿ ಕಿತ್ತ ದಿನ ಮೂಡಣದಲ್ಲಿ ಕಪ್ಪು ಮೋಡ ಕಟ್ಟಿತು. ತುಂಬಿದ ಟ್ರೇಲರನ್ನು ಚಪ್ಪರದ ಬಾಯಿಗೆ ತಂದು ಪೈಪು ಜೋಡಿಸಿ, ಹಿಡಿಕೆ ಎಳೆದೆ. ಇಂಜಿನ್ ನರಳಿತು, ಗಾಡಿ ಏಳಲಿಲ್ಲ. ಮೈದುನ ನಾಲ್ಕು ಜನರನ್ನು ಕಟ್ಟಿಕೊಂಡು ಬಂದ.

“ಮುಂಡಿ ಕೈ ಹತ್ತಿದ್ದು ಮ್ಯಾಲ ಏಳತದೇನೋ? ನಾಳಿಂದ ಹೊಲ ನಾವ ಮಾಡ್ತೇವಿ.”

ನನ್ನ ರಕ್ತ ಕುದಿಯಿತು. ಅತ್ತೆ ಮಾತ್ರ ತನ್ನ ಬಿಳಿ ಸೀರೆಯ ಸೆರಗನ್ನೇ ಪರ್ರನೆ ಹರಿದಳು. “ತಮ್ಮಾ, ಇಂಜಿನ್ ಬಂದ್ ಮಾಡು, ಪೈಪ್ ಬಿಚ್ಚು,” ಎಂದಳು ನನಗೆ. ಬಾಯಿಯಿಂದ ಇಳಿದ ಎಣ್ಣೆಯನ್ನು ಆ ಬಟ್ಟೆಯಲ್ಲಿ ಸೋಸಿದಳು. ಕೆಂಪು ರಾಡಿ; ನಡುವೆ ಎಣ್ಣೆ ಕುಡಿದು ಉಬ್ಬಿದ ಅಕ್ಷತೆಯ ಕಾಳು. ಬಾಯಿಯ ಬಿಡಿಭಾಗ ಒಂದೊಂದನ್ನೂ ಸೀಮೆಎಣ್ಣೆಯಲ್ಲಿ ತೊಳೆದು ಮತ್ತೆ ಕೂಡಿಸಿದೆವು. ಹಿಡಿಕೆ ಎಳೆದೆ. ಟ್ರೇಲರಿನ ಮೂತಿ ಮೆಲ್ಲಗೆ ಎದ್ದಿತು. ಉಳ್ಳಾಗಡ್ಡಿ ಗಡಗಡನೆ ಚಪ್ಪರದೊಳಕ್ಕೆ ಉರುಳಿತು. ಆಮೇಲೆಯೇ ಮಳೆಯ ಮೊದಲ ಹನಿ.

ಅತ್ತೆ ಆ ಬಟ್ಟೆಯನ್ನು ಮೈದುನನ ಮುಂದೆ ಹಿಡಿದಳು.

“ತಗೋಪಾ, ನಿಮ್ಮ ಕುಂಕುಮ. ನನ್ನ ಹಣಿಗೆ ಬ್ಯಾಡಾತು, ಇದರ ಗಂಟಲಿಗೆ ತುರುಕಿದ್ರಿ.”

ಆತ ತೆಗೆದುಕೊಳ್ಳಲಿಲ್ಲ. ನೆಲ ನೋಡುತ್ತ ಹೋದ. ಕೊನೆಯ ಉಸಿರಿನವರೆಗೂ ಆ ಹೊಲವನ್ನು ಅತ್ತೆಯೇ ಮಾಡಿದಳು. ಆದರೂ ಪ್ರತಿ ಖಂಡೇಪೂಜೆಗೂ ಅವಳನ್ನು ಹೊಸ್ತಿಲ ಒಳಗೇ ನಿಲ್ಲಿಸಿದರು… ಅದೊಂದನ್ನು ಬದಲಿಸಲು ಯಾವ ಮಿಸ್ತ್ರಿಯೂ ಸಿಗಲಿಲ್ಲ.

ಈ ಸಲ, ಈಗ ಆ ಟ್ರ್ಯಾಕ್ಟರನ್ನು ಇಟ್ಟುಕೊಂಡಿರುವ ಮೈದುನನ ಮೊಮ್ಮಕ್ಕಳು ಅವಳ ಫೋಟೋವನ್ನು ಟ್ರ್ಯಾಕ್ಟರಿನ ಮೇಲಿಟ್ಟು ಹೂ ಏರಿಸಿದರು. ಗಾಜಿನ ಮೇಲೆ, ಸರಿಯಾಗಿ ಅವಳ ಹಣೆಯ ಮೇಲೆ, ದುಂಡಗೆ ಕುಂಕುಮ ಇಟ್ಟರು. ಜೀವಕ್ಕೆ ಕೊಡದ್ದನ್ನು ಗಾಜಿಗೆ ಎಷ್ಟು ಧಾರಾಳವಾಗಿ ಕೊಡುತ್ತೇವೆ! ನಾನು ಪ್ರಸಾದ ಮುಟ್ಟದೆ ಎದ್ದು ಬಂದೆ. ಬರುವಾಗ ನೋಡಿದೆ: ಮೂರೂ ಬಾಯಿಗಳಿಗೆ ಮುಚ್ಚಳ ಬಿಗಿಯಾಗಿತ್ತು. ಅಷ್ಟನ್ನಾದರೂ ಕಲಿಸಿ ಹೋಗಿದ್ದಾಳೆ.

ಆ ಮಿಸ್ತ್ರಿಯ ಕೈಗೆ ಒಳ್ಳೆಯದಾಗಲಿ. ಫೋಟೋಕ್ಕೆ ಹೂ ಏರಿಸಿದ ಮಕ್ಕಳ ಮನೆಯಲ್ಲಿ ಯಾವ ಹೆಣ್ಣೂ ಹೊಸ್ತಿಲೊಳಗೆ ನಿಲ್ಲಬೇಕಾಗದಿರಲಿ. ನಕ್ಕವರಿಗೂ, ಆ ಮೈದುನನ ಆತ್ಮಕ್ಕೂ ಶಿವ ಬೆಳಕು ಕೊಡಲಿ. ನನ್ನಿಂದ ಕ್ಷಮಿಸಲಾಗದ್ದನ್ನು ಆತನೇ ಕ್ಷಮಿಸಲಿ.