ಮಾದರಿಗೆ ಬರೆದ ಮೂರು ಹೆಸರು

ಡುಲೂತ್ ಊರಿನ ಥೀಡಾ ಲಿಂಡ್‌ಕ್ವಿಸ್ಟ್ ಇಪ್ಪತ್ತೆರಡು ವರ್ಷ ನಗರದ ಹಿಮ ಬಾಚುವ ಲಾರಿ ಓಡಿಸಿದವಳು. ಬೆನ್ನು ಕೈಕೊಟ್ಟ ಮೇಲೆ ಮನೆಯಲ್ಲೇ ಕೂತು ಕೋಡ್ ಬರೆಯಲು ಕಲಿತಳು. ಕಲಿತದ್ದು ಬ್ರೌಸರಿನಲ್ಲಿ ತೆರೆಯುವ ಒಂದು ಆಟದಂಗಳದಲ್ಲಿ. ಎಡಗಡೆ ಕೋಡ್ ಬರೆದರೆ ಬಲಗಡೆ ಪುಟ್ಟದೊಂದು ಸೋಷಿಯಲ್ ಮೀಡಿಯಾ ಆಪ್ ಆಗಲೇ ಓಡತೊಡಗುತ್ತದೆ. ಓಪನ್ ಸೋರ್ಸ್ ಆದ್ದರಿಂದ ಯಾರು ಬೇಕಾದರೂ ತಿದ್ದಬಹುದು. ನಾಲ್ಕು ವರ್ಷ ತಿದ್ದುತ್ತಾ ತಿದ್ದುತ್ತಾ ಅದನ್ನು ನೋಡಿಕೊಳ್ಳುವ ಆರು ಜನರಲ್ಲಿ ಅವಳೂ ಒಬ್ಬಳಾದಳು.

ಆ ಅಂಗಳದಲ್ಲಿ ಪರೀಕ್ಷೆಗೆಂದು ಬರೆದದ್ದೂ ನಿಜವಾದ ಜಾಲಕ್ಕೇ ಹೋಗುತ್ತದೆ, ಎಲ್ಲರಿಗೂ ಕಾಣುತ್ತದೆ. ಆದ್ದರಿಂದ ಸುಳ್ಳು ಖಾತೆ ಮಾಡಿಕೊಂಡು ಸುಳ್ಳು ಹೆಸರು ಬರೆಯುವುದು ಅಲ್ಲಿನ ವಾಡಿಕೆ. ಹೊಸಬರಿಗೆ ಮೊದಲ ದಿನ ಇದನ್ನು ಹೇಳಿಕೊಡುತ್ತಿದ್ದವಳೇ ಥೀಡಾ.

ಜನವರಿಯಲ್ಲಿ ಅವಳು ತನ್ನ ಬೀದಿಗಾಗಿ ಒಂದು ಆಪ್ ಕಟ್ಟಿದಳು: ಕಾಲುದಾರಿಯ ಹಿಮವನ್ನು ಯಾವ ದಿನ ಯಾರು ಬಾಚಬೇಕು ಎಂಬ ಸರದಿ. ಸಾಲುಗಳು ಸರಿಯಾಗಿ ಕೂರುತ್ತವೆಯೇ ಎಂದು ನೋಡಲು ಮೂರು ಹೆಸರು ಬೇಕಿತ್ತು. ಅವಸರದಲ್ಲಿ ತನ್ನದು, ಪಕ್ಕದ ಮನೆಯವನದು, ತನ್ನ ಮನೆಯ ಮಹಡಿಯಲ್ಲಿದ್ದ ಕೊರಿನ್‌ಳದು ಬರೆದಳು. ಬೀದಿಯ ಹೆಸರು, ಮನೆ ನಂಬರಿನ ಸಮೇತ.

ಕೊರಿನ್ ಅಲ್ಲಿ ಅಡಗಲು ಬಂದು ಹನ್ನೊಂದು ವಾರವಾಗಿತ್ತು. ಗಂಡ ರಸ್ ಅವಳ ದವಡೆ ಮುರಿದಿದ್ದ. ಅವಳು ಎಲ್ಲಿದ್ದಾಳೆಂದು ಥೀಡಾಳಿಗಲ್ಲದೆ ಯಾರಿಗೂ ಗೊತ್ತಿರಲಿಲ್ಲ. ರಸ್ ದಿನಾ ಆ ಹೆಸರನ್ನು ಜಾಲದಲ್ಲಿ ಹುಡುಕುತ್ತಿದ್ದ.

ಶುಕ್ರವಾರ ಮಧ್ಯಾಹ್ನ ಅವನು ಬಾಗಿಲು ತಟ್ಟಿದ. ಕೈಯಲ್ಲಿ ಟೈರು ಬಿಚ್ಚುವ ಸಲಾಕೆ.

"ಕೊರಿನ್ ಇದಾಳಾ ಅಜ್ಜಿ?"

"ಯಾರಪ್ಪಾ ಅದು? ಅಂಥೋರು ಇಲ್ಲಿಲ್ಲ."

"ನೀನೇ ಬರೆದಿದೀಯಲ್ಲ, ಇವತ್ತು ಹಿಮ ಬಾಚೋ ಸರದಿ ಅವಳದು ಅಂತ. ಪಾಪ, ಸುಸ್ತಾಗ್ತಾಳೆ, ನಾನೇ ಬಾಚಿಕೊಡೋಣ ಅಂತ ಬಂದೆ."

ಏಟು ಬೀಳುವ ಮೊದಲೇ ಥೀಡಾಳಿಗೆ ಎಲ್ಲ ಅರ್ಥವಾಯಿತು. ಬಾಗಿಲು ಒತ್ತಿ ಹಿಡಿದ ಎಡಗೈ ಮಣಿಕಟ್ಟಿನ ಮೇಲೆ ಸಲಾಕೆ ಬಿತ್ತು. ಮೂಳೆ ಮುರಿದ ಸದ್ದು ಅವಳಿಗೇ ಕೇಳಿಸಿತು. ಎರಡನೆಯದು ಕಿವಿಗೆ. ಅವಳು ಗೋಡೆಗೆ ಒರಗಿ ಕುಸಿದಳು. ಅವನು ಅವಳನ್ನು ದಾಟಿ ಮೆಟ್ಟಿಲು ಹತ್ತಿದ. ಮೇಲೆ ಬಾಗಿಲು ಒಡೆಯಿತು. ಕೊರಿನ್‌ಳ ಕೂದಲನ್ನು ಮುಷ್ಟಿಗೆ ಸುತ್ತಿಕೊಂಡು, ಮೆಟ್ಟಿಲಿನಿಂದ ಮೆಟ್ಟಿಲಿಗೆ ಅವಳ ಬೆನ್ನು ಬಡಿಯುವಂತೆ ಎಳೆದು ತಂದ.

ಬಾಗಿಲ ಬಳಿ ಮಂಜುಗಡ್ಡೆ ಒಡೆಯುವ ಉದ್ದ ಹಿಡಿಯ ಉಳಿ ಇತ್ತು. ಥೀಡಾ ಒಂದೇ ಕೈಯಲ್ಲಿ ಅದನ್ನೆತ್ತಿ ಅವನ ಮೊಣಕಾಲಿಗೆ ಬೀಸಿದಳು. ಚಿಪ್ಪು ಒಡೆದು ಅವನು ಮುಗ್ಗರಿಸಿ ಬಿದ್ದ, ಸಲಾಕೆ ಕೈಜಾರಿತು. ಸಲಾಕೆಗೆ ಕೈ ಚಾಚಿದಾಗ ಆ ಕೈಗೂ ಹೊಡೆದಳು. ಎರಡು ಬೆರಳು ನೆಲದ ಮೇಲೆ ಜಜ್ಜಿಹೋದವು. ಆಮೇಲೂ ಹೊಡೆದಳು, ಭುಜಕ್ಕೆ, ಪಕ್ಕೆಗೆ.

"ಸಾಕು ಬಿಡು ಥೀಡಾ," ಎಂದಳು ಕೊರಿನ್, ಬಾಯಿಯ ರಕ್ತ ಉಗುಳುತ್ತಾ. "ಅವನು ಏಳಲ್ಲ."

ಪೊಲೀಸರು ಅವನನ್ನು ಒಯ್ದರು. ಆಸ್ಪತ್ರೆಯ ಮಂಚದಲ್ಲೇ ಥೀಡಾ ಬಲಗೈಯಿಂದ ಆ ಸಾಲುಗಳನ್ನು ಅಳಿಸಿ, ಅಂಗಳದ ಇನ್ನೊಬ್ಬ ಪಾಲಕ ಏಮಸ್‌ಗೆ ಫೋನ್ ಮಾಡಿದಳು.

"ನೀನು ಅಳಿಸಿದ್ದು ನಿನ್ನ ಕಡೆ ಮಾತ್ರ, ತಾಯಿ," ಎಂದ ಅವನು. "ನಕಲು ಎಲ್ಲೆಲ್ಲಿ ಹೋಗಿದೆಯೋ. ಅದು ನಿನಗೆ ಗೊತ್ತಿರೋದೇ."

ಗೊತ್ತಿತ್ತು. ಎಷ್ಟೋ ಹೊಸಬರಿಗೆ ಅವಳೇ ಅದನ್ನು ಹೇಳಿದ್ದಳು.

ಸೋಮವಾರ ಕೊರಿನ್ ಚೀಲ ಕಟ್ಟಿದಳು. ರಸ್‌ಗೆ ಇಬ್ಬರು ತಮ್ಮಂದಿರಿದ್ದರು, ಅವರಿಗೂ ಈ ವಿಳಾಸ ಸಿಕ್ಕಿತ್ತು.

"ಬಸ್ ಸ್ಟ್ಯಾಂಡಿಗೆ ಬಿಡ್ಲಾ?" ಥೀಡಾ ಕೇಳಿದಳು.

"ಬೇಡ."

"ಎಲ್ಲಿಗೆ ಅಂತನಾದ್ರೂ ಹೇಳು."

ಕೊರಿನ್ ಅವಳ ಪ್ಲಾಸ್ಟರ್ ಕೈಯನ್ನು ಮೆಲ್ಲಗೆ ಮುಟ್ಟಿದಳು. "ನನ್ನ ಜೀವ ಉಳಿಸಿದೆ. ಆದ್ರೆ ನಿನಗೆ ಹೇಳಲ್ಲ ಕಣೇ."

ಆ ವಾರ ಥೀಡಾ ಒಂದೇ ಕೈಯಲ್ಲಿ ಕೋಡ್ ತಿದ್ದಿದಳು. ಇನ್ನು ಪರೀಕ್ಷೆಯ ಬರಹ ಬ್ರೌಸರ್ ಬಿಟ್ಟು ಹೊರಗೆ ಹೋಗುವುದಿಲ್ಲ. ಯಾವ ತಿದ್ದುಪಡಿಗೂ ಅಲ್ಲಿ ಕಾರಣ ಬರೆಯಲೇಬೇಕು. ಬಹಳ ಹೊತ್ತು ಕೂತು ಬರೆದಳು: "ನಾನು ನಿಜವಾದ ಹೆಸರು ಹಾಕಿದೆ." ಉಳಿದ ಐವರು ಪಾಲಕರೂ ಒಪ್ಪಿದರು.