ಅಜ್ಜಿಯ ಚೌರಿಯ ಜಿಗಣೆ

ಸಾದಲಿ ಹೋಬಳಿಯಲ್ಲಿ ಮೊಟ್ಟಮೊದಲು ನಕಲಿ ಜಿಗಣೆ ತಯಾರಿಸಿದವನು ನಾನೇ. ಇದುವರೆಗೆ ಯಾರೂ ಅಲ್ಲಗಳೆದಿಲ್ಲ. ಬೇರೆ ಯಾರೂ ಪ್ರಯತ್ನಿಸಿಲ್ಲ ಎನ್ನುವುದು ಬೇರೆ ಮಾತು.

ಮಂಚೇನಹಳ್ಳಿಯಲ್ಲಿ ಕೆಲಸದಲ್ಲಿರುವ ಚಿಕ್ಕಪ್ಪ ಆನ್‌ಲೈನ್‌ನಲ್ಲಿ ಗಾಳದ ಕೋಲು ತರಿಸಿದ್ದರು. ಅವರು ಅದನ್ನು ಊರಿಗೆ ತಂದಾಗ ತುದಿ ಮನೆ ಸೇರಿ ಹತ್ತು ನಿಮಿಷದ ಮೇಲೆ ಬುಡ ಬಂತು, ಅಷ್ಟು ಉದ್ದ. ನನಗೆ ಅದು ಬೇಕೇ ಬೇಕಿತ್ತು. ಎರೆಹುಳ ಬೇಡ, ಕೂದಲಿನಿಂದ ಕಟ್ಟಿದ ನಕಲಿ ಜಿಗಣೆಗೇ ಮೀನು ಬೀಳುತ್ತದೆ ಎಂದು ಮೊಬೈಲಿನಲ್ಲಿ ನೋಡಿದ್ದನ್ನು ಹೇಳಿದೆ.

"ಭಾನುವಾರ ಊಟದೊಳಗೆ ನಿನ್ ಜಿಗಣೆಗೆ ಒಂದು ಮೀನು ಕಚ್ಲಿ, ಕೋಲು ನಿನ್ದು," ಎಂದರು ಚಿಕ್ಕಪ್ಪ. "ಇಲ್ಲಾಂದ್ರೆ ಹುಳ ಗೂಡು ಕಟ್ಟೋವರ್ಗೂ ಸೊಪ್ಪು ಹಾಕೋದು ನೀನೇ ಕಣೋ."

ನಮ್ಮ ರೇಷ್ಮೆ ಹುಳಗಳು ಆಗಷ್ಟೇ ನಾಲ್ಕನೇ ಜ್ವರದಿಂದ ಎದ್ದಿದ್ದವು. ಕೊನೆಯ ಸಲ ಪೊರೆ ಕಳಚಿದ ಮೇಲೆ ಅವು ತಿನ್ನುವ ಹಿಪ್ಪುನೇರಳೆ ಸೊಪ್ಪು ನೋಡಿದರೆ ಆನೆಗೂ ನಾಚಿಕೆಯಾಗಬೇಕು. ಆದರೂ ಒಪ್ಪಿದೆ.

ಕಪ್ಪು ಕೂದಲಿಗಾಗಿ ಮನೆಯೆಲ್ಲ ಹುಡುಕಿದೆ. ಅಜ್ಜಿ ಮದುವೆ ಮನೆಗಳಿಗೆ ತುರುಬು ದಪ್ಪಗೆ ಕಾಣಲೆಂದು ಕಟ್ಟಿಕೊಳ್ಳುವ ಚೌರಿ ಸಿಕ್ಕಿತು. ತುದಿಯಿಂದ ಒಂದು ಚಿಟಿಕೆ ಕತ್ತರಿಸಿ, ರೇಷ್ಮೆ ದಾರದಲ್ಲಿ ಕೊಕ್ಕೆಗೆ ಸುತ್ತಿದೆ. ನಿಜವಾದ ಜಿಗಣೆ ಕಂಡರೆ ಅಣ್ಣಾ ಎಂದು ಕರೆಯಬೇಕು, ಹಾಗಿತ್ತು.

ಭಾನುವಾರ ಬೆಳಗಿನಿಂದ ಕೆರೆ ದಂಡೆಯಲ್ಲಿ ಕೋಲು ಬೀಸಿದೆ. ಎಸೆಯುವುದು, ಸರಸರ ಎಳೆಯುವುದು. ಮೀನುಗಳು ಬರಲಿಲ್ಲ. ಹೊಂಗೆ ಮರದಡಿ ಕೂತಿದ್ದ ಚಿಕ್ಕಪ್ಪ, "ಮೀನಿಗೆ ಗಾಳಿ ಬೀಸ್ತಿದೀಯಾ? ಸೆಖೆ ಜಾಸ್ತಿ ಐತೆ, ಬೀಸಪ್ಪ," ಎಂದರು.

ಊಟಕ್ಕೆ ಕರೆಯಲು ಅಜ್ಜಿ ಬಂದರು. ಅದೇ ಹೊತ್ತಿಗೆ ನನ್ನ ಕೊಕ್ಕೆ ನನ್ನದೇ ಅಂಗಿಯ ಬೆನ್ನಿಗೆ ಸಿಕ್ಕಿಕೊಂಡಿತು.

"ಅಲ್ಲಾಡ್ಬೇಡ, ಜಿಗಣೆ ಹತ್ತೈತೆ," ಎಂದು ಅಜ್ಜಿ ಎಲೆ ಅಡಿಕೆ ಚೀಲದಿಂದ ಸುಣ್ಣ ತೆಗೆದು ಅದಕ್ಕೆ ಮೆತ್ತಿದರು. ಬೀಳಲಿಲ್ಲ. ಇನ್ನಷ್ಟು ಮೆತ್ತಿದರು. ಕೊನೆಗೆ ಬೆರಳಲ್ಲಿ ಹಿಡಿದು ನೋಡಿದರು.

"ಇದು ನನ್ ಚೌರಿ ಅಲ್ವೇನೋ?"

"ತುದಿ ಅಷ್ಟೇ ಅಜ್ಜಿ."

"ಮೊದ್ಲು ಸುಣ್ಣ ತೊಳಿ. ಆಮೇಲೆ ನಿನ್ನ ತೊಳಿತೀನಿ."

ಕೊಕ್ಕೆ ಬಿಡಿಸಿ ಕೋಲನ್ನು ದಂಡೆಯ ಮೇಲಿಟ್ಟೆ. ಬೈಗುಳ ತಡವಾಗಲಿ ಎಂದು ದಾರ ಕೈಯಲ್ಲಿ ಹಿಡಿದು, ಜಿಗಣೆಯನ್ನು ಜೊಂಡಿನ ಪಕ್ಕ ನೀರಲ್ಲಿ ನಿಧಾನವಾಗಿ ಆಡಿಸಿದೆ. ಸುಣ್ಣ ಕರಗಿತು, ಕೂದಲು ಬಳುಕಿತು. ದಾರ ಜಗ್ಗಿತು. ಎಳೆದರೆ ಮೊಳದುದ್ದದ ಕೊರಮೀನು. ಬೆಳಗಿನಿಂದ ನಾನು ಜಿಗಣೆಯನ್ನು ಓಡಿಸುತ್ತಿದ್ದೆ. ಯಾವ ಜಿಗಣೆ ಬಸ್ಸು ಹಿಡಿಯಲು ಹೊರಟಂತೆ ಈಜುತ್ತದೆ?

"ಕೋಲಲ್ಲಿ ಹಿಡೀಲಿಲ್ಲ, ಲೆಕ್ಕಕ್ಕಿಲ್ಲ," ಎಂದರು ಚಿಕ್ಕಪ್ಪ.

"ಜಿಗಣೆಗೆ ಕಚ್ಲಿ ಅಂತ ತಾನೆ ನೀನು ಹೇಳಿದ್ದು?" ಅಜ್ಜಿ ಮಗನನ್ನೇ ಕೇಳಿದರು. "ಕೋಲು ಅವನಿಗೆ ಕೊಡು. ಚೌರಿ ಕತ್ತರ್ಸಿದ್ದಕ್ಕೆ ಸೊಪ್ಪು ಅವನೇ ಹಾಕ್ಲಿ. ಎರಡು ಸಲ ಸೋಪು ಹಾಕ್ಕೊಂಡು ಸ್ನಾನ ಮಾಡೋ, ಮೀನು ವಾಸನೆ ಇಟ್ಕೊಂಡು ಹುಳದ ಮನೆಗೆ ಕಾಲಿಡ್ಬೇಡ."

ಸಂಜೆ ಸೊಪ್ಪು ಹಾಕುತ್ತ ಹುಳಗಳಿಗೆ ಆ ಮೀನಿನ ಕಥೆ ಹೇಳಿದೆ. ಮೊದಲ ತಟ್ಟೆಯಲ್ಲಿ ಮೊಳದುದ್ದವಿದ್ದದ್ದು ಕೊನೆಯ ತಟ್ಟೆಗೆ ಬರುವಷ್ಟರಲ್ಲಿ ಆಳುದ್ದವಾಗಿತ್ತು. ಹೊರಗೆ ಗೋಡೆಗೆ ನನ್ನ ಕೋಲು ಒರಗಿತ್ತು.