ಮೂಲೆ ಬಿಡದ ರಾಜ

ಇವತ್ತು ಮಧ್ಯಾಹ್ನ ಕರೆಂಟು ಹೋಗಿ ಬನಹಟ್ಟಿಯ ನಮ್ಮ ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ಸುಮ್ಮನಾದವು. ಅಂಥ ಮೌನದಲ್ಲಿ ನನಗೆ ಈಗಲೂ ಚದುರಂಗದ ಮಣೆ ಕಾಣುತ್ತದೆ.

ನಾನು ಚಿಕ್ಕವಳಿದ್ದಾಗ ಕರೆಂಟು ಹೋದರೆ ಸಾಕು, ಅಪ್ಪನೂ ಪಕ್ಕದ ಮಗ್ಗದ ಶಿವಪ್ಪ ಕಾಕಾನೂ ಆಡಲು ಕುಳಿತುಕೊಳ್ಳುತ್ತಿದ್ದರು. ನೂಲಿನ ಧೂಳು ಬಿಸಿಲಿನಲ್ಲಿ ತೇಲುತ್ತಾ ಕಾಯಿಗಳ ಮೇಲೆ ನಿಧಾನ ಇಳಿಯುತ್ತಿತ್ತು. ಕರೆಂಟು ಬಂದರೆ ಆಟ ಇದ್ದಲ್ಲೇ ನಿಲ್ಲುತ್ತಿತ್ತು. ಕಾಯಿ ಅಲುಗದಂತೆ ಕಾಯುವ ಕೆಲಸ ನನ್ನದು.

ಕಾಕಾ ಇಚಲಕರಂಜಿಗೆ ದುಡಿಯಲು ಹೊರಡುವ ಹಿಂದಿನ ದಿನ ಅಪ್ಪನ ಬಳಿ ಉಳಿದದ್ದು ರಾಜ ಮತ್ತು ಅಂಚಿನ ಸಾಲಿನ ಒಂದು ಪ್ಯಾದೆ. ಕಾಕಾನ ಬಳಿ ಬರೀ ರಾಜ, ಅದೂ ಆ ಪ್ಯಾದೆ ರಾಣಿಯಾಗಲು ತಲುಪಬೇಕಾದ ಮೂಲೆಯಲ್ಲೇ.

“ಇದು ಸಮ ಐತಿ, ಬಿಡೋ,” ಎಂದ ಕಾಕಾ.

“ಗೆಲ್ತೇನಿ ಲೇ,” ಎಂದ ಅಪ್ಪ. ಅಷ್ಟರಲ್ಲಿ ಕರೆಂಟು ಬಂತು.

ಮರುದಿನ ಕಾಕಾ ಹೋದ ಮೇಲೆ ನಾನೇ ಕಾಯಿ ನಡೆಸಿ ನೋಡಿದೆ. ಏನು ಮಾಡಿದರೂ ಕಾಕಾನ ರಾಜ ಮೂಲೆ ಬಿಡಲಿಲ್ಲ.

“ಅಪ್ಪಾ, ಇದು ಖರೇನ ಸಮ ಐತಿ.”

ಅಪ್ಪ ಕಾಯಿಗಳನ್ನು ಮೊದಲಿದ್ದ ಮನೆಗಳಲ್ಲೇ ಇಟ್ಟ. “ನನಗೂ ಗೊತ್ತೈತಿ ತಂಗಿ. ಸಮ ಅಂತ ಒಪ್ಪಿದ್ರ ಅಂವಾ ತಿರುಗಿ ಯಾಕ ಬರ್ತಾನ?”

ಇವತ್ತು ಫೋನಿನಲ್ಲಿ ಅದೇ ಆಟ ಜೋಡಿಸಿದೆ. ಫೋನೂ ಸಮ ಎಂದಿತು. ನಾನೂ ಒಪ್ಪಲಿಲ್ಲ.